ಅಳಿವೆಯ ಕೆಸರಲ್ಲಿ ಸಿಕ್ಕಿಬಿದ್ದ ಮಂತ್ರಿ

ಹೊಳೆ ಹೋಗಿ ಕಡಲು ಸೇರುವ ಕಡೆ ಒಂದು ರಾಜ್ಯವಿತ್ತು, ಮಕ್ಕಳೇ. ಅಲ್ಲಿಯ ಅಳಿವೆಯ ಕೆಸರಲ್ಲಿ ಚಿಪ್ಪು ಬೆಳೆಯುತ್ತಿತ್ತು, ಅದರೊಳಗಿನ ಮಾಂಸವೇ ಊರಿನವರ ಊಟ. ನೀರಿಳಿದಾಗ ಹೆಂಗಸರು ಕಾಲಲ್ಲೇ ತಡಕಿ ಹೆಕ್ಕುತ್ತಿದ್ದರು. ಹೆಬ್ಬೆರಳಿಗಿಂತ ಸಣ್ಣದನ್ನು ಮುಟ್ಟುತ್ತಿರಲಿಲ್ಲ. ಚಿಪ್ಪು ಮರಿ ಕಟ್ಟುವ ಕಾಲ ಬಂತೆಂದರೆ ಹೊನ್ನಿ ಎಂಬಾಕೆ “ಸಾಕು, ಮೇಲೆ ಬನ್ನಿ” ಎನ್ನುತ್ತಿದ್ದಳು. ಆಮೇಲೆ ಅವಳ ಅತ್ತೆಯೂ ಇಳಿಯುವಂತಿರಲಿಲ್ಲ!

ರಾಜಧಾನಿಯ ಮಂತ್ರಿಗೆ ಸುಣ್ಣದ ಗೂಡುಗಳಿದ್ದವು. ಸುಣ್ಣ ಸುಡಲು ಚಿಪ್ಪು ಬೇಕು. ಅವನು ಡಂಗುರ ಹೊಡೆಸಿದ: “ಅಳಿವೆಯಲ್ಲಿ ಏನೇ ಮಾಡಲಿಕ್ಕೂ ಮುದ್ರೆ ಒತ್ತಿದ ಅಪ್ಪಣೆ ಬೇಕು.” ಮುದ್ರೆ ಯಾರ ಪೆಟ್ಟಿಗೆಯಲ್ಲಿ? ಅವನದ್ದೇ! ಅವನ ಆಳುಗಳು ಮರಿಚಿಪ್ಪನ್ನೂ ಬಿಡದೆ ಬುಟ್ಟಿಗಟ್ಟಲೆ ಬಾಚಿದರು.

ಮರಿ ಕಟ್ಟುವ ಕಾಲಕ್ಕೆ ಯಾರೂ ಇಳಿಯದಂತೆ ಅಳಿವೆ ಮುಚ್ಚಲು ಅಪ್ಪಣೆ ಕೇಳಿ ಹೊನ್ನಿ ಮೂರು ದಿನ ನಡೆದು ರಾಜಧಾನಿಗೆ ಹೋದಳು. “ಮಂತ್ರಿಗಳು ಊಟಕ್ಕೆ ಕೂತಿದ್ದಾರೆ” ಎಂದರು ಕಾವಲಿನವರು. ಮತ್ತೆ ಹೋದಳು. “ಮಂತ್ರಿಗಳು ಮಲಗಿದ್ದಾರೆ” ಎಂದರು. ಮೂರನೇ ಸಲ ಹೋದಳು. ಮಂತ್ರಿಯೇ ಸಿಕ್ಕಿದ. “ಕೆಸರು ತುಳಿಯೋಳಿಗೆ ರಾಜ್ಯದ ಕಾನೂನು ಏನೇ ತಿಳೀತದೆ?” ಎಂದ.

ಇನ್ನೊಂದು ತಿಂಗಳು ಹೀಗೇ ಬಾಚಿದರೆ ಬೀಜಕ್ಕೂ ಚಿಪ್ಪು ಉಳಿಯದು, ಮಕ್ಕಳ ತಟ್ಟೆ ಬರಿದು. ಹೊನ್ನಿ ನೇರ ರಾಜನ ಮುಂದೆ ಹೋಗಿ ನಿಂತಳು. “ಮಂತ್ರಿಗಳು ಎಲ್ಲ ಬಲ್ಲವರು ಸ್ವಾಮಿ. ಒಮ್ಮೆ ಬಂದು ಕೆಸರಲ್ಲಿ ನಿಂತು, ಯಾವುದು ಹೆಕ್ಕಬೇಕು ಯಾವುದು ಬಿಡಬೇಕು ಅಂತ ತೋರಿಸಲಿ.”

ಮಂತ್ರಿ ಉಬ್ಬಿಹೋದ. ಅಳಿವೆಗೆ ಬಂದ ಮೇಲೆ, ನೀರಿಳಿದ ಹೊತ್ತು ನೋಡಿ, ರಾಜ ದೋಣಿಯಲ್ಲಿ ಕೂತ, ಮಂತ್ರಿ ಕೆಸರಿಗಿಳಿದ.

“ಒಂದೇ ಕಡೆ ನಿಲ್ಲಬೇಡಿ ಒಡೆಯಾ, ಕಾಲು ಆಡಿಸ್ತಾ ಇರಿ” ಎಂದಳು ಹೊನ್ನಿ.

“ನಿಲ್ಲೋದು ಹೇಗೆ ಅಂತ ನನಗೇ ಹೇಳಿಕೊಡ್ತೀಯಾ?” ಎಂದು ಅವನು ಕಂಬದ ಹಾಗೆ ನಿಂತ. ಕೆಸರು ಕಾಲನ್ನು ಕಚ್ಚಿಕೊಂಡಿತು. ಕಡಲು ಉಬ್ಬಿತು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು.

“ಎಳೀರೇ! ನನ್ನನ್ನ ಮೇಲಕ್ಕೆ ಎಳೀರೇ!”

ಹೊನ್ನಿ ಸೊಂಟಕ್ಕೆ ಕೈಯಿಟ್ಟಳು. “ಎಳೆಯೋಕೆ ಮುದ್ರೆ ಒತ್ತಿದ ಅಪ್ಪಣೆ ಬೇಕಲ್ಲ ಒಡೆಯಾ? ಹೋಗಿ ತರೋಕೆ ಆರು ದಿನ.”

“ಆರು ದಿನವೇ! ನೀರು ಈಗ ಏರ್ತಿದೆಯಲ್ಲೇ, ಮಾರಾಯ್ತಿ!”

“ಚಿಪ್ಪು ಮರಿ ಕಟ್ಟೋದೂ ಈಗಲೇ.”

“ಮುದ್ರೆ ಹಾಳಾಗಲಿ! ಇಲ್ಲಿನ ವಿಷಯ ಇಲ್ಲಿರೋರೇ ತೀರ್ಮಾನ ಮಾಡಿ!”

ದೋಣಿಯಿಂದ ರಾಜ ಗಟ್ಟಿಯಾಗಿ ನಕ್ಕ. “ಮಂತ್ರಿಗಳ ಮಾತು ಕೇಳಿದಿರಲ್ಲ? ಇವತ್ತಿನಿಂದ ಅದೇ ನನ್ನ ಆಜ್ಞೆ.”

ಹತ್ತು ಹೆಂಗಸರು ಸೇರಿ ಎಳೆದರು. ಮಂತ್ರಿ ಬಂದ, ಕಾಲಿನ ಜೋಡು ಬರಲಿಲ್ಲ.

ಅದೇ ಸಂಜೆ ಊರಿನ ಹೆಂಗಸರು ದಂಡೆಯಲ್ಲಿ ಕೂತು ಅಳಿವೆ ಮುಚ್ಚುವ ತೀರ್ಮಾನ ಮಾಡಿದರು. ಅಧಿಕಾರ ಮನೆಗೇ ಬಂತೆಂದು ಹೊನ್ನಿಯ ನಾದಿನಿ ಬೆಳಗಾಗುವುದರೊಳಗೆ ಒಂದು ಬುಟ್ಟಿ ಬಾಚಿದ್ದಳು. ಅವಳನ್ನೂ ಬಿಡಲಿಲ್ಲ, ಎಲ್ಲರೆದುರೇ ಕೆಸರಿಗೆ ವಾಪಸು ಸುರಿಸಿದರು. ಮರುವರ್ಷ ಕೆಸರು ತುಂಬ ಚಿಪ್ಪು. ಕಾಡಿನವರೂ ಕೆರೆಯವರೂ ಇವರನ್ನು ನೋಡಿ ತಮ್ಮ ಹಕ್ಕು ಕೇಳಿ ಪಡೆದರು. ತಲೆಯೆತ್ತಿ ನಡೆಯುವವರನ್ನು ಕಂಡರೆ “ಅಳಿವೆಯವರೇನು ನೀವು?” ಎಂದು ಕೇಳುವಂತಾಯಿತು.

ನೀತಿ ಇಷ್ಟೇ ಮಕ್ಕಳೇ: ನೀರು, ನೆಲ, ಕಾಡು ಕಾಯುವ ಅಧಿಕಾರ ಅಲ್ಲೇ ಬದುಕುವವರ ಕೈಯಲ್ಲಿರಬೇಕು, ಕೈಗೆ ಬಂದ ಮೇಲೆ ನಮ್ಮವರು ತಪ್ಪಿದರೂ ಬಿಡಬಾರದು.