ಕಸವೆಂದು ಗುಡಿಸಿದ ಮಣ್ಣು

ಮತ್ತೆ ನಡುವೆ ಬಾಯಿ ಹಾಕಿದೆಯಾ, ನೀಲು? ತಮ್ಮ ಹಾಲು ಕುಡಿದು ಮುಗಿಸುವಷ್ಟು ಹೊತ್ತಾದರೂ ಸುಮ್ಮನಿರು. ಈ ಮನೆಯಲ್ಲಿ ಒಂದು ಕತೆ ಕೊನೆ ಮುಟ್ಟಿದ್ದೇ ಇಲ್ಲ. ಈ ಕತೆಯಲ್ಲೂ ಒಬ್ಬ ನಿನ್ನ ಹಾಗೇ ಬಾಯಿ ಹಾಕಿ ತಲೆಗೆ ಕುತ್ತು ತಂದುಕೊಂಡ. ಕೇಳು.

ಒಬ್ಬ ರಾಜ ಡಂಗುರ ಹೊಡೆಸಿದ: "ನನ್ನ ಮಗಳ ಮೂರು ಒಗಟು ಬಿಡಿಸಿದವನಿಗೆ ಅವಳನ್ನೂ ಅರ್ಧ ರಾಜ್ಯವನ್ನೂ ಕೊಡುತ್ತೇನೆ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ಆ ರಾಜನಿಗೆ ಶುಚಿಯ ಹುಚ್ಚು. ಅರಮನೆಯ ತೋಟದಲ್ಲಿ ಒಂದು ಒಣ ಎಲೆ, ಒಂದು ಮಣ್ಣಿನ ಗುಪ್ಪೆ ಕಾಣಬಾರದು. ಎಲ್ಲವನ್ನೂ ಗುಡಿಸಿ ಗೋಡೆಯಾಚೆ ಚೆಲ್ಲುವುದು ತಿಪ್ಪೇಶಿ ಎಂಬ ಆಳಿನ ಕೆಲಸ. ಎಷ್ಟು ನೀರು ಹಾಕಿದರೂ ರಾಜಕುಮಾರಿಯ ಮಲ್ಲಿಗೆ ಸೊರಗುತ್ತಿತ್ತು. ಗೋಡೆಯಾಚೆ ಮಾತ್ರ ಯಾರೂ ನೆಡದ ಕುಂಬಳದ ಬಳ್ಳಿ ಮೊಣಕಾಲೆತ್ತರ ಹಬ್ಬಿತ್ತು.

ಸಭೆ ತೋಟದಲ್ಲೇ ಸೇರಿತು. "ಎತ್ತಿಲ್ಲ, ನೇಗಿಲಿಲ್ಲ, ಕಣ್ಣೂ ಇಲ್ಲ. ನನ್ನ ನೆಲ ಉಳುವವನು ಯಾರು?" ಎಂದಳು ರಾಜಕುಮಾರಿ.

ದಳವಾಯಿಯ ಮಗ ಮೀಸೆ ತಿರುವಿ, "ಹೆಗ್ಗಣ" ಅಂದ. ಹೆಗ್ಗಣಕ್ಕೆ ಕಣ್ಣಿದೆ. ಅವನನ್ನು ಎಳೆದುಕೊಂಡು ಹೋದರು. ಪಕ್ಕದ ರಾಜ್ಯದ ಯುವರಾಜ, "ಗಾಳಿ" ಅಂದ. ಅವನನ್ನೂ ಎಳೆದುಕೊಂಡು ಹೋದರು. ಮೂರನೆಯವನು ಬೆವರುತ್ತ ನಿಂತಿದ್ದಾಗ, ಮೂಲೆಯಲ್ಲಿ ಪೊರಕೆ ಹಿಡಿದಿದ್ದ ತಿಪ್ಪೇಶಿ ತನ್ನಷ್ಟಕ್ಕೆ ಗೊಣಗಿದ: "ಎರೆಹುಳ ಅಲ್ವಾ ಅದು."

"ಸರಿ," ಎಂದಳು ರಾಜಕುಮಾರಿ. "ಬಾಯಿ ತೆರೆದವನೇ ಉಳಿದೆರಡನ್ನೂ ಹೇಳಬೇಕು."

"ನನಗೆ ಮದುವೆ ಬೇಡ ಅಮ್ಮಣ್ಣಿ, ಬಾಯಿ ತಪ್ಪಿ ಬಂತು."

"ಇನ್ನು ತಪ್ಪಿದರೆ ತಲೆ. ತಿಂದದ್ದು ಮಣ್ಣು, ಹಾಕಿದ್ದು ಮಣ್ಣು; ತಿಂದದ್ದಕ್ಕಿಂತ ಹಾಕಿದ್ದೇ ಮೇಲು. ಅದೇನು?"

ತಿಪ್ಪೇಶಿಗೆ ಗೋಡೆಯಾಚೆಯ ಕುಂಬಳ ನೆನಪಾಯಿತು. "ಎರೆಹುಳದ ಹಿಕ್ಕೆ. ಸಣ್ಣ ಸಣ್ಣ ಉಂಡೆಯ ಗುಪ್ಪೆ. ಗಿಡಕ್ಕೆ ಅದೇ ಊಟ."

"ಆ ಊಟವನ್ನು ಬೆಳಗಾದರೆ ನನ್ನ ಗಿಡಗಳಿಂದ ಕಸಿಯುವ ಕಳ್ಳ ಯಾರು?"

ತಿಪ್ಪೇಶಿ ಕೈಯಲ್ಲಿದ್ದ ಪೊರಕೆ ನೋಡಿಕೊಂಡ. ಹೇಳಿದರೆ ಕಳ್ಳನೆಂದು ತಲೆ ಹೋಗುತ್ತದೆ, ಹೇಳದಿದ್ದರೆ ಸೋತವನೆಂದು ಹೋಗುತ್ತದೆ. ಗುಡಿಸು ಅಂದವರು ರಾಜರು. ಅದನ್ನು ಅವರೆದುರು ಹೇಳುವುದುಂಟೇ?

"ನಾನೇ ಅಮ್ಮಣ್ಣಿ," ಎಂದು ಕತ್ತು ಬಗ್ಗಿಸಿದ.

"ಮೂರೂ ಸರಿ," ಎಂದಳು ಅವಳು, ಅಪ್ಪನನ್ನೇ ನೋಡುತ್ತ. "ಗುಡಿಸಲು ಹೇಳಿದವರು ಯಾರೆಂದು ನಾನು ಕೇಳಲಿಲ್ಲ." ರಾಜ ನೆಲ ನೋಡಿದ.

ಅಂದಿನಿಂದ ಗುಪ್ಪೆಗಳನ್ನು ಪುಡಿಮಾಡಿ ಗಿಡದ ಬುಡಕ್ಕೇ ಹಾಕಿದರು, ಉದುರಿದ ಎಲೆಯನ್ನು ಹುಳಕ್ಕೆ ಬಿಟ್ಟರು. ತಿಪ್ಪೇಶಿಗೆ ಅರ್ಧ ರಾಜ್ಯ ಸಿಕ್ಕಿತು. ಅವರಿಬ್ಬರ ಮದುವೆಯ ದಿನ ರಾಜಕುಮಾರಿ ತನ್ನ ತೋಟದ ಮಲ್ಲಿಗೆಯನ್ನೇ ಮುಡಿದಳು.

ಕತೆ ಕೊನೆ ಮುಟ್ಟಿತು ಅಂದುಕೊಂಡು ಕೂಸನ್ನು ಹೆಗಲಿಗೆ ಹಾಕಿಕೊಂಡೆ. ನೀಲು ಬಿಡಲಿಲ್ಲ.

"ಅವಳಿಗೆ ಮೊದಲೇ ಎಲ್ಲ ಗೊತ್ತಿತ್ತಲ್ಲಮ್ಮ. ಆ ಇಬ್ಬರು ಸಾಯೋ ಮುಂಚೆ ಅಪ್ಪನ ಹತ್ತಿರ ನೇರವಾಗಿ ಯಾಕೆ ಹೇಳಲಿಲ್ಲ?"