ಮರಳಿನ ಬಣ್ಣದ ಟಾರ್ಪಾಲು

ಮರುಭೂಮಿಯ ಸೇನಾ ಶಿಬಿರದಲ್ಲಿ ಗಂಭೀರ ಬೆಳವಣಿಗೆಯೊಂದು ನಡೆಯಿತು: ಲಾರಿಯೊಂದರ ಹಸಿರು ಟಾರ್ಪಾಲು ಮರಳಿನ ಬಣ್ಣ ಬಳಿಸಿಕೊಂಡಿತು. ತಪಾಸಣೆಯ ದಿನ ಎಲ್ಲಕ್ಕಿಂತ ಚೆನ್ನಾಗಿ ಅಡಗಿದ ಟಾರ್ಪಾಲಿಗೆ ಪದಕ ಕೊಡುವವರಿದ್ದರು. ಅದು ತನಗೇ ಸಿಗಬೇಕೆಂದು ಮೂರು ಕೋಟು ಹೊಡೆಸಿಕೊಂಡು, ಲಾರಿಯನ್ನು ಚಕ್ರದವರೆಗೂ ಮುಚ್ಚಿ ಕೂತಿತು.

ಅಧಿಕಾರಿಗಳು ಪದಕ ಹಿಡಿದು ಅದರ ಮುಂದೆಯೇ ಎರಡು ಸಲ ಹಾದುಹೋದರು.

"ಕೂಗೋ ತಮ್ಮಾ, ಪದಕ ಹೊರಟೇಹೋಯ್ತು!" ಎಂದಿತು ಒಳಗಿದ್ದ ಲಾರಿ.

"ಕೂಗಿದರೆ ಸಿಕ್ಕಿಬೀಳ್ತೀನಣ್ಣ. ಸಿಕ್ಕಿಬಿದ್ದವರಿಗೆ ಪದಕ ಕೊಡ್ತಾರಾ?" ಎಂದು ಟಾರ್ಪಾಲು ಖುಷಿಯಿಂದ ಉಸಿರು ಬಿಗಿಹಿಡಿಯಿತು.

ಅಧಿಕಾರಿಗಳು ಬಯಲನ್ನೆಲ್ಲ ದಿಟ್ಟಿಸಿ, ಬಣ್ಣ ಬದಲಿಸದ ಪಕ್ಕದ ಹಸಿರು ಟಾರ್ಪಾಲಿನ ಬಳಿ ನಿಂತರು. "ಸ್ಪರ್ಧೆಗೆ ಬಂದಿರೋದು ಇದೊಂದೇ ಏನ್ರೀ?" ಎಂದು ಕೇಳಿದರು.

ಪದಕವನ್ನು ಹಸಿರು ಟಾರ್ಪಾಲಿಗೆ ಕೊಡಲಾಯಿತು.