ಹಿಡಿಮಣ್ಣವ್ವ ಕೃಷ್ಣೆಯ ದಡದಲ್ಲಿ ನೆಲೆಸಿದ ವೃತ್ತಾಂತ

ಸಹ್ಯಗಿರಿಯಲ್ಲಿ ಜನಿಸಿ ಪೂರ್ವಸಮುದ್ರದ ಕಡೆಗೆ ಹೊರಟ ಕೃಷ್ಣಾಮಾತೆಯು ಬಯಲುಸೀಮೆಗೆ ಇಳಿದು, ತನ್ನ ಇಕ್ಕೆಲಗಳಲ್ಲಿ ಊರುಗಳು ಹುಟ್ಟುವುದನ್ನು ಮೊದಲ ಸಲ ಕಂಡು ಹಿಗ್ಗುತ್ತಿದ್ದ ಕಾಲದಲ್ಲಿ, ಕೆಂಪು ಮರಳುಗಲ್ಲಿನ ಗುಡ್ಡವೊಂದನ್ನು ಬಳಸಿ ಆಕೆ ಉತ್ತರಕ್ಕೆ ಹೊರಳುವ ಈ ತಿರುವಿನಲ್ಲಿ ಕುಂಬಾರರ ಒಂದು ಕೇರಿಯಿತ್ತು. ಈಗಿನ ಹಿರೇಮಡಿಕೆ ಗ್ರಾಮವೇ ಅದು. ಇಲ್ಲಿಯ ಜೇಡಿಮಣ್ಣಿನ ಗಡಿಗೆಯನ್ನು ಬೆರಳಿನಿಂದ ತಟ್ಟಿದರೆ ಗಂಟೆಯಂತೆ ದನಿಗೊಡುತ್ತಿತ್ತೆಂದೂ, ಅದರಲ್ಲಿಟ್ಟ ನೀರು ಚೈತ್ರದ ಬಿಸಿಲಿನಲ್ಲಿಯೂ ತಣ್ಣಗಿರುತ್ತಿತ್ತೆಂದೂ ಹಿರಿಯರು ಹೇಳುತ್ತಾರೆ.

ಆ ಕೇರಿಗೆ ಒಂದು ಸಂಕಟವಿತ್ತು. ಮಳೆಗಾಲ ಬಂತೆಂದರೆ ಹೊಳೆ ಏರುತ್ತಿತ್ತು, ಏರಿದಾಗಲೆಲ್ಲ ಹಿಂದಿನ ವರ್ಷಕ್ಕಿಂತ ಒಂದು ಮನೆಯಷ್ಟು ಮೇಲಕ್ಕೆ ಬರುತ್ತಿತ್ತು. ನೀರು ಇಳಿದ ಮೇಲೆ ಪಡಸಾಲೆ, ಒಲೆ, ಗಡಿಗೆ ಸುಡುವ ಆವಿಗೆಗಳ ತುಂಬ ನುಣ್ಣನೆಯ ಮೆಕ್ಕಲುಮಣ್ಣು ಉಳಿಯುತ್ತಿತ್ತು. ಹೊಸ ಮೆಕ್ಕಲು ಗಡಿಗೆ ತಿರುವುವ ತಿಗರಿಯ ಮೇಲೆ ನಿಲ್ಲದು, ನಿಂತರೂ ಬೇಯುವಾಗ ಬಿರಿಯುವುದು. ಆದ್ದರಿಂದ ಕುಂಬಾರರು ಅದನ್ನು ಹೊಲಸೆಂದು ಬಗೆದು, ಬೈಯುತ್ತ ಕೆರೆದು, ಹೊಳೆಗೇ ಎಸೆಯುತ್ತಿದ್ದರು. ಮಣ್ಣಿನಿಂದಲೇ ಬದುಕುವವರು ಮಣ್ಣನ್ನು ಬೈದ ಊರು ಬೇರೊಂದಿಲ್ಲ.

ಹೀಗಿರಲು ಒಂದು ಶ್ರಾವಣದಲ್ಲಿ ನೀರು ಕೇರಿಯಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿದ್ದ ಕೊನೆಯ ಮನೆಯ ಹೊಸ್ತಿಲನ್ನು ಮುಟ್ಟಿತು. ಆ ಮನೆಯ ಯಜಮಾನ ಕುಂಬಾರ ಮುದುಕಪ್ಪ, ಕೇರಿಗೆಲ್ಲ ಹಿರಿಯ. ಅವನ ಸೊಸೆ ಹಂಪವ್ವ, ಬಹುದೂರದ ಸೀಮೆಯಿಂದ ಬಂದವಳು. ಹೊಳೆ ಇಳಿದೊಡನೆ ಎಲ್ಲರೂ ಗುಡ್ಡದಾಚೆ ಹೋಗಿ ನೆಲೆಸತಕ್ಕದ್ದೆಂದು ಮುದುಕಪ್ಪ ಸಾರಿದಾಗ, ಹಂಪವ್ವ ಸೆರಗು ಸರಿಮಾಡಿಕೊಂಡು, “ಗುಡ್ಡದಾಗ ಏನೈತ್ರಿ ಮಾವ? ಕಲ್ಲ ಕಲಸಿ ಗಡಿಗಿ ಮಾಡ್ತೀರೇನು?” ಎಂದಳು.

“ಹಂಗಾರ ನೀ ಇಲ್ಲೇ ಇದ್ದು ಮೀನಿಗೆ ಗಡಿಗಿ ಮಾರವ್ವಾ,” ಎಂದನು ಮುದುಕಪ್ಪ. ಕೇರಿಯೆಲ್ಲ ನಕ್ಕಿತು. ನಗುನಗುತ್ತಲೇ ಗಂಟು ಕಟ್ಟಿತು.

ಜೇಡಿಮಣ್ಣು ಬಿಟ್ಟುಹೋದ ಕುಂಬಾರ ಕುಂಬಾರನಾಗಿ ಉಳಿಯಲಾರನೆಂದು ಬಲ್ಲ ಹಂಪವ್ವ ತಿರುವಿನ ಬಂಡೆಗೆ ಬಂದು, ಅಕ್ಕಿ, ಅರಿಸಿನ, ಹಸಿರು ಬಳೆ, ತೆಂಗಿನಕಾಯಿಗಳಿಂದ ಹೊಳೆಗೆ ಉಡಿ ತುಂಬಿದಳು. ಅಲೆಯೊಂದು ತೆಂಗಿನಕಾಯಿಯನ್ನು ತಂದು ಆಕೆಯ ಪಾದದ ಬಳಿ ಬಿಟ್ಟುಹೋಯಿತು. ಮತ್ತೆ ಅರ್ಪಿಸಿದಳು, ಮತ್ತೆ ಮರಳಿ ಬಂತು. ತಪ್ಪೇನೆಂದು ತಿಳಿಯದೆ ಮನೆಗೆ ಬಂದರೆ, ನೀರು ಸರಿದ ಅಂಗಳದಲ್ಲಿ ಮುದುಕಪ್ಪ ಆಗಲೇ ಸಲಿಕೆ ಎತ್ತಿದ್ದನು. ಹಂಪವ್ವ ಬಗ್ಗಿ ಆ ಮಣ್ಣನ್ನು ಮುಟ್ಟಿದಳು. ಅದು ಈ ನೆಲದಂತೆ ಕೆಂಪಗಿರಲಿಲ್ಲ. ಕರ್ರಗೆ, ಬೆಣ್ಣೆಯಂತೆ ಮೆತ್ತಗಿತ್ತು. ನಾಗರಪಂಚಮಿಗೆ ತವರಿನಿಂದ ಅಣ್ಣ ಹೊತ್ತು ತರುತ್ತಿದ್ದ ಉಂಡಿಯ ಬುಟ್ಟಿ ಆಕೆಗೆ ನೆನಪಾಯಿತು. ದೂರದಿಂದ ಬಂದದ್ದನ್ನು ದೂರದವಳೇ ಗುರುತಿಸಿದಳು.

“ತಡೀರಿ ಮಾವ, ಒಗೀಬ್ಯಾಡ್ರಿ,” ಎಂದವಳೇ ಒಂದು ಹಿಡಿ ಮಣ್ಣನ್ನು ಉಡಿಯಲ್ಲಿ ಕಟ್ಟಿಕೊಂಡು, ಬಂಡೆಯ ನೆತ್ತಿಯಲ್ಲಿದ್ದ ಗಡಿಗೆಯಾಕಾರದ ಕುಳಿಯಲ್ಲಿ ಇಟ್ಟು ಕೈಮುಗಿದಳು.

ಆಗ ಪ್ರವಾಹದ ಮೊರೆತ ಅಡಗಿ, ಜಲಮಧ್ಯದಿಂದ ಈ ವಾಣಿ ಕೇಳಿಬಂತು: “ಮಗಳೇ, ಸಹ್ಯಾದ್ರಿ ನನ್ನ ತವರು. ಹೊರಡುವಾಗ ನನ್ನ ಉಡಿಯಲ್ಲಿ ಕಟ್ಟಿಕೊಟ್ಟದ್ದು ಈ ಮಣ್ಣು. ಇದನ್ನು ಮಕ್ಕಳಿಗೆ ಹಂಚಲೆಂದು ವರ್ಷವರ್ಷವೂ ಬಂದೆ. ಒಬ್ಬರು ಎಸೆದರು, ಮುಂದಿನ ಮನೆಯವರಾದರೂ ಕೊಂಡಾರೆಂದು ಇನ್ನಷ್ಟು ಏರಿ ಬಂದೆ. ನೀನು ಕೊಂಡೆ. ಇನ್ನು ಮನೆಮನೆ ಹುಡುಕಲಾರೆ, ಈ ಬಂಡೆಯೇ ನನ್ನ ಹೊಸ್ತಿಲು. ಇಲ್ಲಿ ನಿಮ್ಮ ಹಿಡಿಮಣ್ಣು ಇರುವವರೆಗೆ ನಿಮ್ಮ ತಿಗರಿ ತಿರುಗುತ್ತಿರಲಿ.”

ನೀರು ಬಂಡೆಯ ಬುಡಕ್ಕೆ ಸರಿಯಿತು. ಮುದುಕಪ್ಪ ಕಟ್ಟಿದ ಗಂಟು ಬಿಚ್ಚುತ್ತ, “ಬಾರವ್ವಾ, ಮೀನಿನ ಗಡಿಗಿ ಎಷ್ಟು ದೊಡ್ಡದು ಮಾಡೂಣು?” ಎಂದನಂತೆ. ಕೇರಿ ಅಲ್ಲಿಂದ ಏಳಲೇ ಇಲ್ಲ.

ಇಂದಿಗೂ ಇಲ್ಲಿ ವಿಗ್ರಹವಿಲ್ಲ, ತೇರಿಲ್ಲ. ಕುಳಿಯ ಮಣ್ಣೇ ಹಿಡಿಮಣ್ಣವ್ವ. ಹೊಳೆ ಇಳಿದ ಮೇಲೆ ಬರುವ ಮೊದಲ ಮಂಗಳವಾರ, ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದು ಬಂಡೆಯ ಬುಡದ ಹೊಸ ಮೆಕ್ಕಲನ್ನು ಒಂದೊಂದು ಹಿಡಿ ಇಡುತ್ತಾರೆ. ಕುಳಿ ತುಂಬಿದಾಗಲೆಲ್ಲ ಸುತ್ತ ಒಂದು ಸಾಲು ಕಲ್ಲು ಏರಿಸುತ್ತ ಬಂದುದರಿಂದ ಅದು ಈಗ ಆಳೆತ್ತರದ ಕಟ್ಟೆಯಾಗಿದೆ.

ಕೆಲವು ವರ್ಷಗಳ ಹಿಂದೆ ಕೃಷ್ಣಾತೀರದ ಪರಿಸರವನ್ನೂ ಪ್ರಾಚೀನ ನೆಲೆಗಳನ್ನೂ ಅಭ್ಯಸಿಸುವ ವಿಜ್ಞಾನಿಗಳ ತಂಡವೊಂದು ಇಲ್ಲಿಗೆ ಬಂದಿತು. ಅದರ ಮುಖ್ಯಸ್ಥೆ ಡಾಕ್ಟರ್ ಮೃಣಾಲಿನಿಯವರು, ಪದರುಪದರಾಗಿ ಕೂತ ಈ ಮಣ್ಣಿನೊಳಗೆ ಸಣ್ಣ ಕೊಳವೆ ಇಳಿಸಲು ಅನುಮತಿ ಬೇಡಿದರು. ಪೂಜೆ ಮಾಡುವ ಕುಂಬಾರರ ನೀಲಗಂಗವ್ವ ಕಟ್ಟೆಗೆ ಅಡ್ಡ ನಿಂತಳು.

“ತಾಯಿ ಉಡಿಯೊಳಗ ಕೈ ಹಾಕ್ತೀಯೇನವ್ವಾ? ತಗೊಂಡ್ರ ಕೊಡಬೇಕಾಗತೈತಿ, ನೋಡು.”

“ಏನು ಕೊಡಲಿ ಅಮ್ಮಾ?”

“ನಿನ್ನ ತವರು ಯಾವುದು?”

“ಕಾವೇರಿ ದಂಡೆ.”

“ಅಲ್ಲಿಂದ ಒಂದು ಹಿಡಿ ತಂದು ಹಾಕು. ಆಮ್ಯಾಲ ನಿನ್ನ ನಳಿಗಿ ಇಳಸು.”

ಮೃಣಾಲಿನಿಯವರು ಹೋಗಿ, ತವರಿನ ಬಿಳಿಮರಳನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದರು. ಪರೀಕ್ಷೆಯಲ್ಲಿ ತಿಳಿದದ್ದಿಷ್ಟು: ಮಹಾಪೂರದ ವರ್ಷಗಳ ಪದರು ಒರಟು, ಶಾಂತವಾದ ವರ್ಷಗಳದು ನುಣುಪು. ಮೇಲಿನ ಘಟ್ಟದ ಕಾಡುಮರಗಳ ಪರಾಗ ಅದರೊಳಗೆ ಹುದುಗಿದೆ. ಕಣಗಳು ಇಲ್ಲಿಯ ಮರಳುಗಲ್ಲಿನವಲ್ಲ, ಸಹ್ಯಾದ್ರಿಯ ಕರಿಗಲ್ಲಿನವು. ದೇವಿ ನುಡಿದಳೋ ಇಲ್ಲವೋ ತಮ್ಮ ಉಪಕರಣ ಹೇಳಲಾರದು, ಮಣ್ಣಿನ ತವರು ಮಾತ್ರ ಅದೇ ಎಂದರು.

“ಹಂಪವ್ವನ ಹಿಡಿ ಸಿಕ್ಕಿತೇನು?” ಎಂದು ನೀಲಗಂಗವ್ವ ಕೇಳಿದಳು.

“ತಳ ಮುಟ್ಟಲಿಲ್ಲ ಅಮ್ಮಾ. ಅದು ಇದ್ದಲ್ಲೇ ಇದೆ.”

ನೀಲಗಂಗವ್ವ ಆಕೆಗೂ ಉಡಿ ತುಂಬಿ ಕಳಿಸಿದಳು.

ಕೊಳವೆ ಇಳಿದ ತೂತನ್ನು ಆ ಕಾವೇರಿಯ ಮರಳಿನಿಂದಲೇ ತುಂಬಲಾಗಿದೆ. ಕರಿಮಣ್ಣಿನ ನಡುವೆ ಬಿಳಿಯ ಬೊಟ್ಟಿನಂತೆ ಅದು ಇಂದಿಗೂ ಕಾಣುತ್ತದೆ. ಹಿಡಿ ಇಡುವವರು ಅದನ್ನು ಮುಚ್ಚದೆ ಸುತ್ತಲೂ ಇಡುತ್ತಾರೆ. ಅಂದಿನಿಂದ, ಬರಲಾಗದಷ್ಟು ದೂರ ಸೇರಿದ ಈ ಊರಿನ ಹೆಣ್ಣುಮಕ್ಕಳು ತಾವಿರುವ ನದಿಯ ಮಣ್ಣನ್ನೇ ಕಳಿಸುವ ರೂಢಿಯಾಗಿದೆ. ಆ ಬೊಟ್ಟಿನ ಪಕ್ಕದಲ್ಲಿ ನರ್ಮದೆಯದೂ ಒಂದು ಹಿಡಿ ಇದೆ.

ದರ್ಶನಕ್ಕೆ ಬರುವವರು ತೆಂಗಿನಕಾಯಿ ತರಬೇಕಾಗಿಲ್ಲ, ತಾಯಿ ಅದನ್ನು ಮರಳಿಸುತ್ತಾಳೆ. ನಿಮ್ಮೂರಿನ ಒಂದು ಹಿಡಿ ಮಣ್ಣು ತಂದರೆ ಸಾಕು. ಹಿಂದಿರುಗುವಾಗ ಕೇರಿಯಲ್ಲಿ ಒಂದು ಗಡಿಗೆ ಕೊಂಡು, ಬೆರಳಿನಿಂದ ತಟ್ಟಿ ನೋಡಿ.